ಹೈಸ್ಕೂಲಿಗೆ ಕೃಷಿ ಮೇಷ್ಟ್ರು ಯಾಕಿಲ್ಲ?

ಪ್ರತಿ ವರ್ಷ ಕೃಷಿ ಕಾಲೇಜಿನ ಕೊನೇ ವರ್ಷದ ಹುಡುಗ ಹುಡುಗಿಯರು ಹಳ್ಳಿಗಳಿಗೆ ಬಂದು ತಿಂಗಳುಗಟ್ಟಲೆ ಉಳ್ಕೊಳ್ತಾರೆ. ಇದಕ್ಕೆ ಗ್ರಾಮೀಣ ಕೃಷಿ ಕಾರ್ಯಾನುಭವ ಅಂತ ಹೆಸರು, ಅವರ ಬಾಯಲ್ಲಿ ಚಿಕ್ಕದಾಗಿ 'ರಾವೆ'. ಕೃಷಿ ಉದ್ಯಮಗಳಲ್ಲಿನ ತರಬೇತಿಯೂ ಸೇರಿ ಒಟ್ಟು 20 ವಾರ. ಬಂದ ಹೊಸದರಲ್ಲಿ ಬಣ್ಣದ ರಂಗೋಲಿ ಪುಡಿಯಲ್ಲಿ ಬೀದಿ ಮೇಲೆ ಊರಿನ ನಕ್ಷೆ ಬಿಡಿಸ್ತಾರೆ: ಇದು ಕೆರೆ, ಇದು ಮಾರಮ್ಮನ ಗುಡಿ, ಇದು ಡೇರಿ. ಆಮೇಲೆ ಅರಳಿಕಟ್ಟೆ ಮೇಲೆ ಕೂತಿರೋ, ಅರವತ್ತು ದಾಟಿದ ಯಜಮಾನರಿಗೆ ಬೀಜೋಪಚಾರ ಮಾಡೋದು ಹೇಗೆ ಅಂತ ಹೇಳ್ಕೊಡ್ತಾರೆ. ಯಜಮಾನರು ಮರ್ಯಾದೆಯಿಂದ ತಲೆಯಾಡಿಸಿ, ಕಾಫಿ ಕುಡಿಸಿ ಕಳಿಸ್ತಾರೆ. ಅಲ್ಲಿಂದ ಕೂಗಳತೆ ದೂರದಲ್ಲಿ ಹೈಸ್ಕೂಲಿದೆ. ಕಲಿಯೋ ವಯಸ್ಸಿನವರು ಇರೋದು ಅಲ್ಲಿ. ಆದರೆ ಅಲ್ಲಿಗೆ ಒಂದು ದಿನ ಹೋಗಿ, ನಾಲ್ಕು ಸಸಿ ನೆಟ್ಟು, ಬ್ಯಾನರ್ ಹಿಡಿದು ಫೋಟೋ ತೆಗೆಸ್ಕೊಂಡರೆ ಶಾಲೆಯ ಲೆಕ್ಕ ಮುಗೀತು.

ಅದೇ ಹೈಸ್ಕೂಲಿಗೆ ಇನ್ನೊಂದು ತಂಡ ಬರುತ್ತೆ. ಬಿ.ಎಡ್. ಓದ್ತಿರೋರು. 2014ರ ನಿಯಮಗಳಾದ ಮೇಲೆ ಬಿ.ಎಡ್. ಎರಡು ವರ್ಷದ ಕೋರ್ಸು, ಅದರಲ್ಲಿ 20 ವಾರ ಶಾಲೆಯಲ್ಲೇ ಕಳೀಬೇಕು. ಕೈಯಲ್ಲಿ ಪಾಠ ಯೋಜನೆ, ಕಂಕುಳಲ್ಲಿ ಚಾರ್ಟು, ಹಿಂದಿನ ಬೆಂಚಿನಲ್ಲಿ ಅಂಕ ಹಾಕೋಕೆ ಕೂತ ಹಿರಿಯ ಮೇಷ್ಟ್ರು. ಇವರು ಗಣಿತ, ವಿಜ್ಞಾನ, ಸಮಾಜ, ಭಾಷೆ ಪಾಠ ಮಾಡ್ತಾರೆ. ಪಾಠ ಮಾಡೋದು ಕಲೀತಿರೋರಿಗೆ ಕೃಷಿ ಗೊತ್ತಿಲ್ಲ. ಕೃಷಿ ಗೊತ್ತಿರೋರನ್ನ ಕ್ಲಾಸ್‌ರೂಮಿನೊಳಗೆ ನಿಲ್ಲಿಸೋರಿಲ್ಲ. ಇಬ್ಬರೂ ಒಂದೇ ಊರಿಗೆ ಬರೋದು, ಇಬ್ಬರದೂ ತರಬೇತಿಯೇ, ಮಧ್ಯೆ ಶಾಲೆಯ ಕಾಂಪೌಂಡು.

ನನ್ನ ವಾದ ಇಷ್ಟೇ. ರಾವೆಗೆ ಬರೋ ವಿದ್ಯಾರ್ಥಿಯನ್ನ ಒಂದಿಡೀ ಅವಧಿ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿ ನಿಲ್ಲಿಸಬೇಕು. ಅವನು ನಿಲ್ಲೋಕೆ ಅಲ್ಲಿ ಕೃಷಿ ಅನ್ನೋ ನಿಜವಾದ ವಿಷಯ ಇರಬೇಕು.

ಇದು ಯಾಕೆ ಬೇಕು ಅನ್ನೋದಕ್ಕೆ ನಮ್ಮೂರ ಕಡೆಯದೇ ಉದಾಹರಣೆ ಕೊಡ್ತೀನಿ. ನಮ್ಮದು ಅರಸೀಕೆರೆ ಕಡೆ, ತೆಂಗಿನ ಸೀಮೆ. 90ರ ದಶಕ ಮುಗಿಯೋ ಹೊತ್ತಿಗೆ, ನಾನು ಹೈಸ್ಕೂಲಿನಲ್ಲಿದ್ದಾಗ, ತೆಂಗಿಗೆ ನುಸಿ ಬಂತು. ಕಾಯಿ ಮೇಲೆಲ್ಲ ಕಂದು ಗಾಯ, ಕಾಯಿ ಸಣ್ಣದಾಗೋದು, ಎಳೆಗಾಯಿ ಉದುರೋದು. ಕೊಬ್ಬರಿ ನಂಬಿದ್ದ ಮನೆಗಳಲ್ಲಿ ರಾತ್ರಿ ಊಟದ ಹೊತ್ತಿನ ಮಾತೆಲ್ಲ ಅದೇ. ಈ ನುಸಿ ಬರಿಗಣ್ಣಿಗೆ ಕಾಣಲ್ಲ. ಕಾಯಿಯ ತೊಟ್ಟಿನ ಕೆಳಗೆ ಸೇರ್ಕೊಂಡು ರಸ ಹೀರುತ್ತೆ. ಜೇಡದ ಬಳಗಕ್ಕೆ ಎಂಟು ಕಾಲು ಅಂತ ನಾವು ಬಾಯಿಪಾಠ ಮಾಡ್ತಿದ್ವಲ್ಲ, ಅದೇ ಬಳಗದ ಈ ಜೀವಿಗೆ ನಾಲ್ಕೇ ಕಾಲು. ಇದಕ್ಕಿಂತ ಒಳ್ಳೇ ಜೀವಶಾಸ್ತ್ರದ ಪಾಠ ಬೇಕಾ? ನಮ್ಮ ಶಾಲೆಯ ಒಂದೇ ಒಂದು ಮೈಕ್ರೋಸ್ಕೋಪಿನಲ್ಲಿ ನಾವು ನೋಡಿದ್ದು ಮಾತ್ರ ಈರುಳ್ಳಿ ಸಿಪ್ಪೆ. ಊರಿನ ವರಮಾನ ತಿಂತಿದ್ದ ಪ್ರಾಣಿಯನ್ನ ಅದರ ಕೆಳಗೆ ಇಟ್ಟು ತೋರಿಸಬೇಕು ಅಂತ ಯಾರಿಗೂ ಹೊಳೀಲಿಲ್ಲ, ಯಾಕಂದ್ರೆ ಅದು ಹೊಳೆಯಬೇಕಾದ ಮೇಷ್ಟ್ರು ಶಾಲೆಯಲ್ಲಿ ಇರಲೇ ಇಲ್ಲ. ಯಾವ ಔಷಧಿ, ಎಷ್ಟು, ಹೊಡೆದ ಮೇಲೆ ಎಷ್ಟು ದಿನ ಎಳನೀರು ಕೀಳಬಾರದು, ಇದನ್ನೆಲ್ಲ ಹೇಳಿದ್ದು ಗೊಬ್ಬರದ ಅಂಗಡಿಯವನು. ಅವನ ಸಿಲಬಸ್ಸು ಅವನ ಗೋಡೌನಿನಲ್ಲಿ ಏನಿದೆಯೋ ಅದು. ಇವತ್ತಿಗೂ ಎಷ್ಟೋ ಹಳ್ಳಿಗಳಲ್ಲಿ ಕೃಷಿ ಮೇಷ್ಟ್ರು ಅವನೇ.

ಅದು ಹಳೇ ಕತೆ ಅಂತೀರಾ? 2015ರಿಂದ ಸರ್ಕಾರ ಮಣ್ಣು ಆರೋಗ್ಯ ಕಾರ್ಡ್ ಕೊಡ್ತಿದೆ. ಅದರಲ್ಲಿ 12 ಅಂಶಗಳಿವೆ: ರಸಸಾರ, ಲವಣಾಂಶ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಬೋರಾನ್... ಮನೆಯಲ್ಲಿ ಅದು ರೇಷನ್ ಕಾರ್ಡಿನ ಕವರಿನಲ್ಲಿ ಮಡಚಿ ಕೂತಿರುತ್ತೆ. ಅದೇ ಮನೆಯ ಹತ್ತನೇ ಕ್ಲಾಸಿನ ಹುಡುಗಿ ಆಮ್ಲ, ಪ್ರತ್ಯಾಮ್ಲ, ಲಿಟ್ಮಸ್ ಎಲ್ಲ ಬರೆದು ಒಳ್ಳೇ ಅಂಕ ತಗೊಂಡಿರ್ತಾಳೆ, ಆದರೆ ಅಪ್ಪನ ಹೊಲದ ರಸಸಾರ 5.5 ಅಂದ್ರೆ ಏನು ಮಾಡಬೇಕು ಅಂತ ಅವಳಿಗೆ ಯಾರೂ ಹೇಳಿಲ್ಲ. 45 ಕೆಜಿ ಯೂರಿಯಾ ಮೂಟೆಯಲ್ಲಿ ಸಾರಜನಕ ಶೇಕಡಾ 46. ಹಾಗಾದ್ರೆ ಎಷ್ಟು ಕೆಜಿ? 20.7. ಏಳನೇ ಕ್ಲಾಸಿನ ಶೇಕಡಾವಾರು ಲೆಕ್ಕ ಇದು. ನಮ್ಮ ಗಣಿತದ ಪುಸ್ತಕದಲ್ಲಿ ಶೇಕಡಾವಾರು ಅಂದ್ರೆ ಅಂಗಡಿಯವನ ಲಾಭ ನಷ್ಟ ಮಾತ್ರ.

ಕೆಲಸದ ಮೇಲೆ ಎರಡು ವರ್ಷ ಅಮೆರಿಕದ ಅಯೋವಾದಲ್ಲಿದ್ದೆ. ಮುಸುಕಿನ ಜೋಳ, ಸೋಯಾಬೀನು, ಹಂದಿ ಸಾಕಣೆಯ ರಾಜ್ಯ. ಪಕ್ಕದ ಮನೆಯ ಹುಡುಗಿ ಕೃಷಿ ಶಿಕ್ಷಣದ ಡಿಗ್ರಿ ಓದ್ತಿದ್ಲು, ಕೊನೇ ಸೆಮಿಸ್ಟರ್ ಪೂರ್ತಿ ಒಂದು ಹೈಸ್ಕೂಲಿನಲ್ಲಿ ವಿದ್ಯಾರ್ಥಿ-ಶಿಕ್ಷಕಿ. ಬೆಳಿಗ್ಗೆ ಮಣ್ಣಿನ ಪಾಠ, ಮಧ್ಯಾಹ್ನ ವೆಲ್ಡಿಂಗ್ ಶೆಡ್ಡು, ಸಂಜೆ ಮಕ್ಕಳ ಮನೆಗೆ ಹೋಗಿ ಅವರು ಸಾಕಿರೋ ಕರು, ಕುರಿ ನೋಡೋದು, ಅವರು ಬರೆದಿಟ್ಟ ಜಮಾ ಖರ್ಚಿನ ಪುಸ್ತಕ ತಿದ್ದೋದು. ಇದು ಯಾರೋ ಒಳ್ಳೇ ಹೆಡ್‌ಮೇಷ್ಟ್ರ ಉತ್ಸಾಹದಿಂದ ನಡೀತಿರೋದಲ್ಲ. 1917ರ ಸ್ಮಿತ್-ಹ್ಯೂಸ್ ಕಾಯ್ದೆ ಕೃಷಿ ಮೇಷ್ಟ್ರ ಸಂಬಳಕ್ಕೂ, ಅವರನ್ನ ತಯಾರು ಮಾಡೋದಕ್ಕೂ ಕೇಂದ್ರದ ದುಡ್ಡು ಕೊಡ್ತು. ವಿದ್ಯಾರ್ಥಿ ವರ್ಷಕ್ಕೆ ಕನಿಷ್ಠ 6 ತಿಂಗಳು ಮೇಲ್ವಿಚಾರಣೆಯಲ್ಲಿ ಕೃಷಿ ಮಾಡಲೇಬೇಕು ಅಂತ ಷರತ್ತೂ ಹಾಕ್ತು. ಮೇಷ್ಟ್ರ ಹುದ್ದೆ ಇತ್ತು, ಅದಕ್ಕೆ ಮೇಷ್ಟ್ರನ್ನ ತಯಾರು ಮಾಡೋ ವ್ಯವಸ್ಥೆ ಬೆಳೀತು.

ಈಗ ಇದಕ್ಕೆ ಬರೋ ದೊಡ್ಡ ಆಕ್ಷೇಪ. "ನಿಮ್ಮ ಮಕ್ಕಳಿಗೆ ಕೋಡಿಂಗು, ಹಳ್ಳಿ ಮಕ್ಕಳಿಗೆ ನೇಗಿಲಾ?" ಇದನ್ನ ನಕ್ಕು ತಳ್ಳಿಹಾಕೋ ಹಾಗಿಲ್ಲ. 1953ರಲ್ಲಿ ಮದ್ರಾಸ್ ರಾಜ್ಯದಲ್ಲಿ ರಾಜಾಜಿ ಅರ್ಧ ದಿನ ಶಾಲೆ, ಇನ್ನರ್ಧ ಹೊತ್ತು ಅಪ್ಪ ಅಮ್ಮನ ಕಸುಬು ಅನ್ನೋ ಯೋಜನೆ ತಂದರು. ಇದು ಕುಲಕಸುಬಿನ ಶಿಕ್ಷಣ ಅಂತ ಪೆರಿಯಾರ್ ಮತ್ತಿತರರು ಬೀದಿಗಿಳಿದರು. ಮರುವರ್ಷ ರಾಜಾಜಿ ಹೋದರು, ಕಾಮರಾಜ್ ಬಂದು ಯೋಜನೆಯನ್ನೇ ಕೈಬಿಟ್ಟರು. ಸರಿಯಾಗೇ ಮಾಡಿದರು. ಅಮೆರಿಕದ್ದೂ ಚೊಕ್ಕ ಇತಿಹಾಸವಲ್ಲ. ಅಲ್ಲಿನ ಕೃಷಿ ವಿದ್ಯಾರ್ಥಿಗಳ ಸಂಘ ಶುರುವಾಗಿದ್ದು 1928ರಲ್ಲಿ. ದಕ್ಷಿಣದ ಕಪ್ಪು ಹುಡುಗರಿಗೆ ಬೇರೆಯದೇ ಸಂಘ, ಎರಡೂ ಒಂದಾಗಿದ್ದು 1965ರಲ್ಲಿ. ಹುಡುಗಿಯರಿಗೆ ರಾಷ್ಟ್ರ ಮಟ್ಟದಲ್ಲಿ ಸದಸ್ಯತ್ವ ಸಿಕ್ಕಿದ್ದು 1969ರಲ್ಲಿ.

ಅದಕ್ಕೇ ನಾನು ಹೇಳೋದು, ಈ ವಿಷಯ ಹಳ್ಳಿ ಶಾಲೆಗೆ ಮಾತ್ರ ಬೇಡ. ಜಯನಗರದ ಶಾಲೆಗೂ ಬರಲಿ. ಗೌಡರ ಮಗನಿಗೂ, ಕೂಲಿಯವರ ಮಗಳಿಗೂ, ಅಪಾರ್ಟ್‌ಮೆಂಟಿನ ಮಗುವಿಗೂ ಒಂದೇ ಪುಸ್ತಕ, ಒಂದೇ ಪರೀಕ್ಷೆ ಇರಲಿ. ರಾಜಾಜಿ ಯೋಜನೆ ಮಕ್ಕಳ ಶಾಲೆಯ ಹೊತ್ತನ್ನ ಕಿತ್ಕೊಂಡು ಕಸುಬಿಗೆ ಕೊಟ್ಟಿತ್ತು. ನಾನು ಕೇಳ್ತಿರೋದು ಕಸುಬಿನ ಒಳಗಿರೋ ರಸಾಯನಶಾಸ್ತ್ರ, ಜೀವಶಾಸ್ತ್ರ, ಲೆಕ್ಕಪತ್ರವನ್ನ ಶಾಲೆಗೆ ತನ್ನಿ ಅಂತ. ಅದನ್ನ ಕಲಿತ ಹುಡುಗಿ ಡಾಕ್ಟರಾಗಲಿ, ಕೋಡ್ ಬರೀಲಿ, ಬೇಡ ಅಂದೋರು ಯಾರು?

"ಲಾಸಿನ ಕಸುಬು, ಅದನ್ನ ಕಲಿಸಿ ಏನು ಪ್ರಯೋಜನ?" ಅನ್ನೋದು ಇನ್ನೊಂದು ಮಾತು. ಲಾಸು ಅಂತ ಗೊತ್ತಾಗೋದು ಲೆಕ್ಕ ಬರೆದರೆ ತಾನೆ? ಮನೆಯವರ ಕೂಲಿ, ಸ್ವಂತ ಎತ್ತಿನ ಮೇವು, ಸಾಲದ ಬಡ್ಡಿ, ಇದನ್ನೆಲ್ಲ ಖರ್ಚಿಗೆ ಹಾಕೋ ಅಭ್ಯಾಸ ನಮ್ಮಲ್ಲಿ ಎಷ್ಟು ಮನೆಗಿದೆ? ಅದನ್ನ ಹದಿನಾಲ್ಕನೇ ವಯಸ್ಸಿನಲ್ಲಿ ಕಲಿತ ಹುಡುಗ ಬೆಂಬಲ ಬೆಲೆ ಬಗ್ಗೆ ಮಾತಾಡೋಕೆ ನಿಂತರೆ ಯಾವ ರಾಜಕಾರಣಿಯೂ ಅವನ ಬಾಯಿ ಮುಚ್ಚಿಸೋಕಾಗಲ್ಲ.

ಇನ್ನು ಸರ್ಕಾರದ ತಮಾಷೆ ನೋಡಿ. ಬಿಎಸ್ಸಿ ಅಗ್ರಿಗೆ ರೈತರ ಮಕ್ಕಳ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಇದೆ. ಬೀಜ, ಗೊಬ್ಬರ, ಸಲಕರಣೆ ಗುರುತು ಹಿಡೀಬೇಕು. ಹತ್ತು ವರ್ಷ ಶಾಲೆಯಲ್ಲಿ ಒಂದು ದಿನವೂ ಕಲಿಸದ ವಿಷಯಕ್ಕೆ ಪಿಯುಸಿ ಆದಮೇಲೆ ದಿಢೀರ್ ಅಂಕ! ಹಾಗೆ ಸೇರಿದೋರು ನಾಲ್ಕು ವರ್ಷ ಓದಿ ಬ್ಯಾಂಕಿಗೋ, ಇಲಾಖೆಗೋ, ಬೀಜದ ಕಂಪನಿಗೋ ಹೋಗ್ತಾರೆ. ಹೈಸ್ಕೂಲಿಗೆ ಬರೋಣ ಅಂದ್ರೆ ಮಾಮೂಲಿ ಸರ್ಕಾರಿ ಹೈಸ್ಕೂಲಿನಲ್ಲಿ ಅವರಿಗೆ ಕುರ್ಚಿ ಎಲ್ಲಿದೆ? 2020ರ ಶಿಕ್ಷಣ ನೀತಿ ಆರರಿಂದ ಎಂಟನೇ ಕ್ಲಾಸಿನ ನಡುವೆ 10 ದಿನ ಬ್ಯಾಗಿಲ್ಲದೆ ಕಸುಬು ನೋಡಿ ಬನ್ನಿ ಅನ್ನುತ್ತೆ. 10 ದಿನದಲ್ಲಿ ರಾಗಿ ಪೈರಿನ ನಾಟಿಯಿಂದ ಒಂದು ಕಳೆ ಕೀಳೋ ತನಕವೂ ಬರಲ್ಲ. ಅದೇ 2020ರಲ್ಲಿ ನಮ್ಮ ರಾಜ್ಯ ಭೂಸುಧಾರಣಾ ಕಾಯ್ದೆಯ 79ಎ, 79ಬಿ ತೆಗೆದುಹಾಕ್ತು. ದುಡ್ಡಿದ್ದ ನಮ್ಮಂಥೋರು ಯಾರು ಬೇಕಾದರೂ ಜಮೀನು ಕೊಳ್ಳಬಹುದು. ಭೂಮಿ ಕೊಳ್ಳೋಕೆ ದಾರಿ ಮಾಡೋಕೆ ಆಯ್ತು, ಅದನ್ನ ಕಲಿಸೋಕೆ ಮೇಷ್ಟ್ರನ್ನ ಹಾಕೋಕೆ ಆಗಲಿಲ್ಲ.

ಇದನ್ನ ಓದ್ತಿರೋ ನಿಮ್ಮಲ್ಲಿ ಬಹಳ ಜನರ ಕಂಪನಿಗೆ ಸಿಎಸ್‌ಆರ್ ದುಡ್ಡಿದೆ. ಅದು ಬಹುಪಾಲು ಶಾಲೆ ಗೋಡೆಗೆ ಬಣ್ಣ, ಸ್ಮಾರ್ಟ್ ಕ್ಲಾಸಿನ ಪ್ರೊಜೆಕ್ಟರ್ ಆಗುತ್ತೆ. ಮುಂದಿನ ಸಲ ಐಡಿಯಾ ಕೇಳಿ ಮೇಲ್ ಬಂದಾಗ ಹೀಗೆ ಬರೆದು ಕಳಿಸಿ: ಒಂದು ತಾಲ್ಲೂಕು, ಹತ್ತು ಹೈಸ್ಕೂಲು, ಹತ್ತು ಜನ ರಾವೆ ವಿದ್ಯಾರ್ಥಿಗಳು. ವಾರಕ್ಕೆ ನಾಲ್ಕು ಪೀರಿಯಡ್ಡು, ಕಾಲೆಕರೆ ಜಾಗ, ಪಾಠ ತಿದ್ದೋಕೆ ಒಬ್ಬ ವಿಜ್ಞಾನದ ಮೇಷ್ಟ್ರು, ಅಂಕ ಕೊಡೋಕೆ ಕೃಷಿ ಕಾಲೇಜು. ರೂಮ್ ಬಾಡಿಗೆ, ಬಸ್ ಚಾರ್ಜು, ಒಂದು ಮಣ್ಣು ಪರೀಕ್ಷೆ ಕಿಟ್ಟು ನಿಮ್ಮ ಕಂಪನಿಯದು. ಒಂದು ವರ್ಷ ನಡೆಸಿ, ಏನಾಯ್ತು ಅಂತ ಬರೆದಿಟ್ಟು, ಆ ವರದಿ ಹಿಡ್ಕೊಂಡು ಹುದ್ದೆ ಮಂಜೂರು ಮಾಡಿ ಅಂತ ಶಿಕ್ಷಣ ಇಲಾಖೆಯ ಬಾಗಿಲು ತಟ್ಟಿ. ಅಲ್ಲಿ ಮೇಷ್ಟ್ರ ಹುದ್ದೆ ಆಗೋ ತನಕ ಈ ಕೆಲಸ ಮುಗಿದ ಹಾಗಲ್ಲ.