ಕೊಳ್ಳುವ ಮುನ್ನ ಸ್ಲಾಟ್ ನೋಡಿ

ನಮ್ಮಲ್ಲಿ ಹಲವರ ಕೈಗೆ ಬಂದಿರುವುದು ಅಣ್ಣನೋ ಅಕ್ಕನೋ ಬಳಸಿಬಿಟ್ಟ ಲ್ಯಾಪ್‌ಟಾಪ್. ಆನ್ ಮಾಡಿ ಚಹಾ ಕುಡಿದು ಬಂದರೂ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತದೆ. 'ಹೊಸದು ತಗೊಳ್ಳಿ' ಎನ್ನುವುದು ಸುಲಭ, 30,000 ರೂಪಾಯಿ ಹೊಂದಿಸುವುದು ಮನೆಯವರಿಗೇ ಗೊತ್ತು. ಬಹಳ ಸಲ ಸೋತಿರುವುದು ಪ್ರೊಸೆಸರ್ ಅಲ್ಲ, ಹಳೆಯ ಹಾರ್ಡ್‌ಡಿಸ್ಕ್. ಅದು ಸೆಕೆಂಡಿಗೆ ಸುಮಾರು 100 ಎಂಬಿ ಓದಿದರೆ ಸಾಟಾ ಎಸ್‌ಎಸ್‌ಡಿ 500 ಎಂಬಿಯವರೆಗೂ ಓದಬಲ್ಲದು. ಅದನ್ನೊಂದು ಬದಲಿಸಿದರೆ ಪಿಯುಸಿ ಮುಗಿಯುವವರೆಗೆ ಧಾರಾಳವಾಗಿ ನಡೆಯುತ್ತದೆ.

ಆದರೆ 'ಎನ್‌ವಿಎಂಇ ಇನ್ನೂ ವೇಗ' ಎಂದು ಅಂಗಡಿಯವರು ಹೇಳಿದ ಕೂಡಲೇ ಸ್ಕಾಲರ್‌ಶಿಪ್ ಹಣ ತೆಗೆಯಬೇಡಿ. ಎಂ.2 ಎಂಬುದು ಆಕಾರದ ಹೆಸರಷ್ಟೇ. ಆ ಪುಟ್ಟ ಪಟ್ಟಿ ಸಾಟಾ ಆಗಿರಬಹುದು, ಎನ್‌ವಿಎಂಇಯೂ ಆಗಿರಬಹುದು. ಸ್ಲಾಟಿನಲ್ಲಿ ಕೂತ ಮಾತ್ರಕ್ಕೆ ಕಂಪ್ಯೂಟರ್ ಅದನ್ನು ಗುರುತಿಸುತ್ತದೆ ಎಂದಲ್ಲ. ಅಳತೆಯೂ ಮುಖ್ಯ. 2280 ಎಂದರೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ, 2242ಕ್ಕಷ್ಟೇ ಜಾಗವಿದ್ದರೆ ಅದು ಹಿಡಿಸದು. ಹಾರ್ಡ್‌ಡಿಸ್ಕ್ ಇರುವ ಹಳೆಯ ಲ್ಯಾಪ್‌ಟಾಪಿಗೆ ಸಾಮಾನ್ಯವಾಗಿ 2.5 ಇಂಚಿನ ಸಾಟಾ ಡ್ರೈವೇ ಸಾಕು. ಕೆಲವು ತೆಳು ಮಾದರಿಗಳಲ್ಲಂತೂ ಸ್ಟೋರೇಜನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಅಲ್ಲಿ ಬದಲಿಸುವ ಮಾತೇ ಇಲ್ಲ.

ಎಸ್‌ಎಸ್‌ಡಿ ಎಲ್ಲಕ್ಕೂ ಮದ್ದಲ್ಲ. ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯ ಪ್ರೊಸೆಸರ್ ಇದ್ದರೆ ವಿಂಡೋಸ್ 11 ಒಪ್ಪುವುದಿಲ್ಲ. ಅಂಥವರು ಲಿನಕ್ಸ್ ಹಾಕಿಕೊಳ್ಳಬಹುದು, ಓದಿಗೂ ಪ್ರೋಗ್ರಾಮಿಂಗಿಗೂ ಧಾರಾಳ.

ಕಂಪ್ಯೂಟರ್ ವಿಭಾಗದ ಉಪನ್ಯಾಸಕರಲ್ಲಿ ಒಂದು ಕೋರಿಕೆ. ತಿಂಗಳಿಗೊಂದು ಮಧ್ಯಾಹ್ನ ಲ್ಯಾಬ್ ತೆರೆದಿಡಿ. ನಾವು ಲ್ಯಾಪ್‌ಟಾಪಿನ ತಳದಲ್ಲಿರುವ ಮಾದರಿ ಸಂಖ್ಯೆ ಬರೆದು ತರುತ್ತೇವೆ. ಯಾವ ಡ್ರೈವ್ ಹೊಂದುತ್ತದೆ ಎಂದು ತಯಾರಕರ ಕೈಪಿಡಿಯಲ್ಲಿ ಒಟ್ಟಿಗೆ ನೋಡಿ, ಆಮೇಲೆ ಅಂಗಡಿಗೆ ಹೋಗೋಣ.