ಅಂಕಪಟ್ಟಿ ಕೇಳುವುದು ಭಿಕ್ಷೆಯಲ್ಲ, ಹಕ್ಕು

ಕಳೆದ ವಾರ ನಮ್ಮ ಮೊಹಲ್ಲಾದ ತಾಯಿಯೊಬ್ಬರು ಮದ್ರಸದ ಗೇಟಿನ ಬಳಿ ನಿಲ್ಲಿಸಿ ಕೇಳಿದರು: "ಉಸ್ತಾದ್, ಮಗನ ಡಿಗ್ರಿ ಮುಗಿದು ಆರು ತಿಂಗಳಾಯ್ತು. ದುಬೈಯಲ್ಲಿ ಅವನ ಮಾವ ಕೆಲಸ ನೋಡಿಟ್ಟಿದ್ದಾರೆ. ಅಂಕಪಟ್ಟಿ ಕೇಳಿದ್ರೆ ಕಾಲೇಜಿನವರು ಯೂನಿವರ್ಸಿಟಿಗೆ ಹೋಗಿ ಅಂತಾರೆ, ಅಲ್ಲಿ ಹೋದ್ರೆ ಕಾಲೇಜಿಗೇ ಹೋಗಿ ಅಂತಾರೆ. ನಾವು ಯಾರನ್ನ ಕೇಳೋದು?"

ಈ ಪ್ರಶ್ನೆ ಒಂದು ಮನೆಯದ್ದಲ್ಲ. ಗಲ್ಫ್‌ನ ಕೆಲಸಕ್ಕೆ ಪ್ರಮಾಣಪತ್ರದ ಅಟೆಸ್ಟೇಷನ್ ಆಗಬೇಕು. ಅದಕ್ಕೆ ಮೂಲ ಕಾಗದವೇ ಬೇಕು. ಡಿಜಿಲಾಕರ್‌ನಲ್ಲಿ ಅಂಕಪಟ್ಟಿ ಸಿಕ್ಕಿದರೂ ಅಷ್ಟಕ್ಕೆ ಕೆಲಸ ಮುಗಿಯೋದಿಲ್ಲ. ಕಾಗದ ತಡವಾದರೆ ಕೆಲಸ ಬೇರೆಯವರ ಪಾಲಾಗುತ್ತದೆ.

ಉನ್ನತ ಶಿಕ್ಷಣದ ಗುಣಮಟ್ಟ ಅಂದ ಕೂಡಲೇ ನಾವು ಕಟ್ಟಡ, ಲ್ಯಾಬು, ನ್ಯಾಕ್ ಗ್ರೇಡು ನೋಡುತ್ತೇವೆ. 1994ರಲ್ಲಿ ಶುರುವಾದ, ಬೆಂಗಳೂರಿನಲ್ಲೇ ಕಚೇರಿ ಇರುವ ನ್ಯಾಕ್ ಕೂಡ 2017ರ ಪರಿಷ್ಕೃತ ಪದ್ಧತಿಯಲ್ಲಿ ವಿದ್ಯಾರ್ಥಿಗಳ ತೃಪ್ತಿ ಸಮೀಕ್ಷೆಯನ್ನು ಸೇರಿಸಿತು. ಅಂದರೆ ಮಕ್ಕಳು ಏನು ಹೇಳುತ್ತಾರೆ ಎನ್ನುವುದಕ್ಕೂ ಅಂಕ ಇದೆ. ಆದರೆ ಆ ಇಮೇಲ್ ಬಂದಾಗ ಎಷ್ಟು ಮಕ್ಕಳು ತೆರೆದು ಓದಿ, ಮನಸ್ಸಿನಲ್ಲಿದ್ದದ್ದನ್ನೇ ಬರೆಯುತ್ತಾರೆ?

ಸಮೀಕ್ಷೆಗಿಂತ ದೊಡ್ಡ ಆಯುಧ ಇನ್ನೊಂದಿದೆ. ಯುಜಿಸಿ 2023ರ ಏಪ್ರಿಲ್‌ನಲ್ಲಿ ವಿದ್ಯಾರ್ಥಿಗಳ ಕುಂದುಕೊರತೆ ನಿವಾರಣೆಗೆ ಹೊಸ ನಿಯಮ ತಂದಿದೆ. ಪ್ರತಿ ಕಾಲೇಜಿನಲ್ಲೂ ಕುಂದುಕೊರತೆ ಸಮಿತಿ ಇರಲೇಬೇಕು. ಅದರಲ್ಲಿ ವಿದ್ಯಾರ್ಥಿ ಪ್ರತಿನಿಧಿಯೊಬ್ಬ ವಿಶೇಷ ಆಹ್ವಾನಿತ. ಫಲಿತಾಂಶದ ವಿಳಂಬ, ಮೂಲ ದಾಖಲೆ ತಡೆಹಿಡಿಯುವುದು, ಶುಲ್ಕ ವಾಪಸ್ ಕೊಡದಿರುವುದು, ವಿದ್ಯಾರ್ಥಿವೇತನದ ತಡ, ಎಲ್ಲವೂ ದೂರಿನ ವಿಷಯವೇ. ಸಮಿತಿ 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಸಮಾಧಾನ ಆಗದಿದ್ದರೆ ವಿಶ್ವವಿದ್ಯಾನಿಲಯದ ಒಂಬುಡ್ಸ್‌ಪರ್ಸನ್‌ಗೆ 15 ದಿನದೊಳಗೆ ಮೇಲ್ಮನವಿ ಹಾಕಬಹುದು. ನಿವೃತ್ತ ಕುಲಪತಿ, ಪ್ರಾಧ್ಯಾಪಕ ಅಥವಾ ಜಿಲ್ಲಾ ನ್ಯಾಯಾಧೀಶರಾಗಿದ್ದವರು ಆ ಸ್ಥಾನದಲ್ಲಿರುತ್ತಾರೆ. ಅವರಿಗೂ 30 ದಿನದ ಗಡುವಿದೆ.

ಕಾಲೇಜುಗಳ ಕಷ್ಟವೂ ಸುಳ್ಳಲ್ಲ. ಸರಕಾರಿ ಕಾಲೇಜುಗಳು ಅತಿಥಿ ಉಪನ್ಯಾಸಕರ ಮೇಲೆಯೇ ನಿಂತಿವೆ. ನಾಲ್ಕು ವರ್ಷದ ಡಿಗ್ರಿ ತಂದು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿದ್ದರಿಂದ ಪಠ್ಯ, ಪರೀಕ್ಷೆ ಎಲ್ಲಾ ಮತ್ತೆ ಹೊಂದಿಸಬೇಕಾಯಿತು. ಕೌಂಟರಿನಲ್ಲಿ ಕೂತ ಗುಮಾಸ್ತನ ಮೇಲೆ ಕೂಗಾಡಿದರೆ ಏನೂ ಆಗೋದಿಲ್ಲ.

ನಮ್ಮದೂ ತಪ್ಪಿದೆ. ಬಾಯಲ್ಲಿ ಹತ್ತು ಸಲ ಕೇಳುತ್ತೇವೆ, ಬರವಣಿಗೆಯಲ್ಲಿ ಒಂದು ಸಲವೂ ಕೊಡೋದಿಲ್ಲ. ಪರಿಚಯದ ಪುಢಾರಿಯಿಂದ ಫೋನ್ ಮಾಡಿಸುತ್ತೇವೆ. ಒಬ್ಬನ ಕೆಲಸ ಆಗುತ್ತದೆ, ಉಳಿದ ಮಕ್ಕಳು ಅಲ್ಲೇ ನಿಂತಿರುತ್ತಾರೆ.

ಆ ತಾಯಿಗೆ ನಾನು ಹೇಳಿದ್ದು ಇಷ್ಟೇ: ಸಮಿತಿಗೆ ಅರ್ಜಿ ಬರೆಯಿರಿ, ಸ್ವೀಕೃತಿ ಸಹಿ ತೆಗೆದುಕೊಳ್ಳಿ, ತಾರೀಕು ಲೆಕ್ಕ ಇಡಿ. ಬರೆಯಲು ಬಾರದವರಿಗೆ ಜಮಾಅತಿನ ಓದಿದ ಹುಡುಗರು, ಹುಡುಗಿಯರು ಕೂತು ಬರೆದುಕೊಡಲಿ. ಶುಕ್ರವಾರ ಒಂದು ಗಂಟೆ ಸಾಕು. ದುಡಿದು ಶುಲ್ಕ ಕಟ್ಟಿದವರು ಉತ್ತರ ಕೇಳುವುದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ.