ಸಂತೆಯ ಮಂಟಪದ ನೆರಳಿನಲ್ಲಿ

ಊರಿನ ಹೆಸರಿನಲ್ಲಿಯೇ ಅದರ ಚರಿತ್ರೆಯು ಅಡಗಿರುವುದು ನಮಗೆ ಹೊಸ ಸಂಗತಿಯಲ್ಲ. ಸಂತೇಮರಹಳ್ಳಿ, ಸಂತೆಬೆನ್ನೂರು ಎಂದೊಡನೆ ಕಿವಿಯಲ್ಲಿ ಸಂತೆಯ ಗದ್ದಲ ಮೊಳಗುತ್ತದೆ. ಇಂಗ್ಲೆಂಡಿನ ಗ್ಲಾಸ್ಟರ್‌ಶೈರಿನಲ್ಲಿ ಚಿಪ್ಪಿಂಗ್ ಕ್ಯಾಂಪ್ಡನ್ ಎಂಬ ಊರುಂಟು. ‘ಚಿಪ್ಪಿಂಗ್’ ಎಂಬುದು ಹಳೆಯ ಇಂಗ್ಲಿಷಿನ ಸಂತೆ! ಕನ್ನಡದ ಮೇಷ್ಟರಿಗೆ ಆ ಊರನ್ನು ನೋಡಲು ಬೇರೆ ನೆವವೇಕೆ?

ಮೋರ್ಟನ್ ಇನ್ ಮಾರ್ಷಿನವರೆಗೆ ರೈಲು, ಅಲ್ಲಿಂದ ಬಸ್ಸು. ಇಳಿದೊಡನೆ ಕಂಡುದು ಮೆಲ್ಲನೆ ಬಾಗಿ ಸಾಗಿದ ಬೀದಿ, ಇಕ್ಕೆಲಗಳಲ್ಲಿ ಜೇನುಬಣ್ಣದ ಸುಣ್ಣಕಲ್ಲಿನ ಮನೆಗಳು. ಈ ಸೊಗಸೆಲ್ಲ ಕುರಿಯ ಕೊಡುಗೆ. 1401ರಲ್ಲಿ ತೀರಿಕೊಂಡ ಉಣ್ಣೆಯ ವರ್ತಕ ವಿಲಿಯಂ ಗ್ರೆವೆಲನ ಮನೆ ಇಂದಿಗೂ ನಿಂತಿದೆ.

ಬೀದಿಯ ನಡುವೆ 1627ರಲ್ಲಿ ಬ್ಯಾಪ್ಟಿಸ್ಟ್ ಹಿಕ್ಸನು ಕಟ್ಟಿಸಿದ ಸಂತೆಯ ಮಂಟಪವಿದೆ. ಸುತ್ತಲೂ ತೆರೆದ ಕಮಾನುಗಳು, ಮೇಲೆ ಮರದ ತೊಲೆಗಳು. ತುಂತುರು ಮಳೆಗೆ ನಾನು ಒಳಹೊಕ್ಕಾಗ ವೃದ್ಧೆಯೊಬ್ಬರು, “ನೆಲ ನೋಡಿಕೊಂಡು ನಡೆಯಿರಿ, ಕಲ್ಲು ಸವೆದು ಏರುಪೇರಾಗಿದೆ” ಎಂದು ಎಚ್ಚರಿಸಿದರು. ಮಾತು ಬೆಳೆಯಿತು.

“1940ರ ದಶಕದಲ್ಲಿ ಈ ಮಂಟಪ ಅಮೆರಿಕದವರ ಪಾಲಾಗುವುದರಲ್ಲಿದ್ದಿತು. ಊರವರು ಹಣ ಕೂಡಿಸಿ ಕೊಂಡು ನ್ಯಾಷನಲ್ ಟ್ರಸ್ಟಿಗೆ ಒಪ್ಪಿಸಿದರು. ನಮ್ಮ ತಂದೆಯವರೂ ಕೈಲಾದಷ್ಟು ಕೊಟ್ಟಿದ್ದರು” ಎಂದು ಅವರು ಕಂಬವನ್ನು ಮನೆಯ ಹಸುವಿನಂತೆ ನೇವರಿಸಿದರು.

ಮಳೆ ನಿಂತ ಬಳಿಕ ಹಳೆಯ ರೇಷ್ಮೆ ಗಿರಣಿಗೆ ಹೋದೆ. 1902ರಲ್ಲಿ ಸಿ. ಆರ್. ಆಶ್‌ಬಿ ಎಂಬಾತ ಲಂಡನ್ನಿನ ಪೂರ್ವಭಾಗದಿಂದ ಕುಶಲಕರ್ಮಿಗಳನ್ನು ಸಂಸಾರ ಸಮೇತ ಕರೆತಂದು ನೆಲೆಗೊಳಿಸಿದ್ದು ಇಲ್ಲಿ. ಅವರ ಸಂಘ ಕೆಲವೇ ವರ್ಷಗಳಲ್ಲಿ ಮುರಿದುಬಿದ್ದರೂ ಬೆಳ್ಳಿಯ ಕೆಲಸ ಮಾತ್ರ ನಿಲ್ಲಲಿಲ್ಲ. ಹಳೆಯ ರಸೀದಿಗಳ ಗೊಂಚಲುಗಳು ಮೇಲಿನಿಂದ ಜೋಲುತ್ತಿದ್ದ ಕೋಣೆಯಲ್ಲಿ ಅಕ್ಕಸಾಲಿಯೊಬ್ಬರು ಸುತ್ತಿಗೆಯಾಡಿಸುತ್ತಿದ್ದರು. ನಾನು ಭಾರತದವನೆಂದು ತಿಳಿದೊಡನೆ, “ಹಾಗಾದರೆ ಬ್ರಾಡ್ ಕ್ಯಾಂಪ್ಡನ್ನಿಗೆ ಹೋಗಿಬನ್ನಿ, ನಡೆಯುವಷ್ಟೇ ದೂರ” ಎಂದರು.

ಅಲ್ಲಿರುವುದು ಪಾಳುಬಿದ್ದ ಪ್ರಾರ್ಥನಾಮಂದಿರವನ್ನು ಆಶ್‌ಬಿ ಮನೆಯಾಗಿಸಿಕೊಟ್ಟ ಕಟ್ಟಡ. ಅದರಲ್ಲಿ ವಾಸಿಸಿದ್ದವರು ನಮ್ಮ ಕಲಾಮೀಮಾಂಸೆಯ ಆಚಾರ್ಯ ಆನಂದ ಕುಮಾರಸ್ವಾಮಿ! ಸಿಂಹಳದ ಮಧ್ಯಯುಗದ ಕಲೆಯನ್ನು ಕುರಿತ ಅವರ ಮಹಾಗ್ರಂಥ 1908ರಲ್ಲಿ ಅಲ್ಲಿಯೇ ಅಚ್ಚಾಯಿತು. ತಮ್ಮ ನಾಡಿನ ಕುಶಲಕರ್ಮಿಯ ಕೈ ಬರಿದಾಗುತ್ತಿದೆಯೆಂಬ ಕಳವಳದಿಂದ ಹುಟ್ಟಿದ ಗ್ರಂಥವದು. ಬೇಲಿಯಾಚೆ ನಿಂತು ಮನಸ್ಸಿನಲ್ಲಿಯೇ ಕೈಮುಗಿದೆ.

ಸಂಜೆ ಹಿಂದಿರುಗುವಾಗ ಆ ವೃದ್ಧೆ ಮತ್ತೆ ಸಿಕ್ಕರು. “ಊರನ್ನು ಎಷ್ಟು ಚೆನ್ನಾಗಿ ಉಳಿಸಿಕೊಂಡಿದ್ದೀರಿ!” ಎಂದೆ.

ಅವರ ಮುಖ ಕೊಂಚ ಬಾಡಿತು. “ಕಲ್ಲನ್ನು ಉಳಿಸಿಕೊಂಡೆವು. ನನ್ನ ಮೊಮ್ಮಗ ಬಡಗಿ. ಈ ಹಳೆಯ ಮಾಡುಗಳನ್ನು ದುರಸ್ತಿ ಮಾಡುವವನೇ ಅವನು. ಆದರೆ ಇಲ್ಲೊಂದು ಮನೆ ಕೊಳ್ಳುವ ಶಕ್ತಿ ಅವನಿಗಿಲ್ಲ. ಸೊಗಸನ್ನು ಕಂಡು ಬಂದವರು ಬೆಲೆಯನ್ನು ಮುಗಿಲಿಗೇರಿಸಿದರು. ಅವನು ದಿನವೂ ಹೊರಗಿನಿಂದ ಬಂದುಹೋಗುತ್ತಾನೆ.”

ನನಗೆ ಮಾತು ಹೊರಡಲಿಲ್ಲ. ಸೊಗಸನ್ನು ಕಂಡು ಬಂದವರಲ್ಲಿ ನಾನೂ ಒಬ್ಬನಲ್ಲವೇ? ಮಂಟಪವನ್ನು ಉಳಿಸಲು ಊರವರ ಚಂದಾ ಸಾಕಾಯಿತು. ಊರವರನ್ನೇ ಉಳಿಸಲು ಯಾವ ಚಂದಾ ಎತ್ತಬೇಕು?

ಬಸ್ಸು ಬಂದಿತು. ಕೆಲಸ ಮುಗಿಸಿದ ನಾಲ್ಕಾರು ಮಂದಿ ತರುಣರು ಉಪಕರಣಗಳ ಚೀಲ ಹೊತ್ತು ನನಗಿಂತ ಮೊದಲು ಹತ್ತಿದರು. ಅವರಲ್ಲಿ ಯಾರೂ ಹಿಂದಿರುಗಿ ಊರನ್ನು ನೋಡಲಿಲ್ಲ. ನೋಡುತ್ತ ಕುಳಿತವನು ನಾನೊಬ್ಬನೇ.